ಪರದೇಶಿಯ ಕಾಯಕ: ಸೀಗ್‌ಫ್ರೀಡ್ ಬೆಟ್‌ಮನ್ ಮತ್ತು ಟ್ರಯಂಫ್ ಮೋಟಾರುಸೈಕಲು

ಕನ್ನಡದಲ್ಲಿ 'ಪರದೇಶಿ' ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಬೇರೆ ದೇಶದವನು ಎಂಬುದು ಮೊದಲನೆಯದು. ಹೇಳುವವರು ಕೇಳುವವರು ಇಲ್ಲದ ಅನಾಥನು ಎಂಬುದು ಎರಡನೆಯದು. ಹುಟ್ಟಿದ ನೆಲವನ್ನು ಬಿಟ್ಟವನಿಗೆ ಬಂಧುಗಳ ಬಲವಿಲ್ಲ, ಆಪತ್ತಿನಲ್ಲಿ ಸಾಕ್ಷಿ ನುಡಿಯುವವರಿಲ್ಲ. ಈ ಲೋಕಾನುಭವವೇ ಮೊದಲನೆಯ ಅರ್ಥದಿಂದ ಎರಡನೆಯದನ್ನು ಹುಟ್ಟಿಸಿರಬೇಕು. ಒಂದು ಶಬ್ದದ ಅರ್ಥವಿಸ್ತಾರದಲ್ಲಿ ಎಷ್ಟು ಜನರ ಕಣ್ಣೀರು ಅಡಗಿರುತ್ತದೆ ಎಂಬುದನ್ನು ನಿಘಂಟು ಹೇಳುವುದಿಲ್ಲ.

ಆದರೆ ಪರಸ್ಥಳದಿಂದ ಬಂದವನನ್ನು ಅಳೆಯುವ ಬೇರೊಂದು ಅಳತೆಗೋಲನ್ನು ನಮ್ಮ ಶರಣ ಪರಂಪರೆ ತೋರಿಸಿಕೊಟ್ಟಿದೆ. ಕಟ್ಟಿಗೆಯ ಹೊರೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಬಂದವನೆಂದೂ, ಮರುಳಶಂಕರದೇವನು ಅಫಘಾನ ದೇಶದವನೆಂದೂ, ಪುಲಿಗೆರೆಯ ಆದಯ್ಯನು ವ್ಯಾಪಾರಕ್ಕಾಗಿ ಸೌರಾಷ್ಟ್ರದಿಂದ ಬಂದವನೆಂದೂ ಪರಂಪರೆ ಹೇಳುತ್ತದೆ. ಅವರನ್ನು ಅವರವರ ಹುಟ್ಟೂರಿನಿಂದ ಅಳೆಯದೆ ಕಾಯಕದಿಂದ ಅಳೆದದ್ದು ಆ ಕಾಲದ ಹಿರಿಮೆ. ಇಂತಹ ಅಳತೆಗೋಲು ಯಂತ್ರಯುಗದ ಒಂದು ನಗರದಲ್ಲಿ, ದ್ವೇಷದ ಬಿರುಗಾಳಿ ಬೀಸಿದಾಗ, ಎಷ್ಟರಮಟ್ಟಿಗೆ ನಿಂತೀತು? ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಟ್ರಯಂಫ್ ಎಂಬ ಮೋಟಾರುಸೈಕಲು ಸಂಸ್ಥೆಯನ್ನು ಕಟ್ಟಿದ ಜರ್ಮನ್ ವಲಸಿಗ ಸೀಗ್‌ಫ್ರೀಡ್ ಬೆಟ್‌ಮನ್ನನ ಜೀವನ ಈ ಪ್ರಶ್ನೆಗೆ ಒಂದು ಉತ್ತರವನ್ನು ಒದಗಿಸುತ್ತದೆ. ಆದಕಾರಣ ಅವನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಹುಟ್ಟು ಮತ್ತು ವಲಸೆ

ಬೆಟ್‌ಮನ್ನನು 1863ರಲ್ಲಿ ಬವೇರಿಯ ಪ್ರಾಂತದ ನ್ಯೂರೆಂಬರ್ಗ್ ನಗರದಲ್ಲಿ ಒಂದು ಯೆಹೂದಿ ಮನೆತನದಲ್ಲಿ ಜನಿಸಿದನು. ಅವನ ತಂದೆ ಜಮೀನುದಾರನೊಬ್ಬನ ಆಸ್ತಿಯ ಮೇಲ್ವಿಚಾರಕನಾಗಿದ್ದನು. ಮನೆತನವು ಮಗನಿಗೆ ಒಳ್ಳೆಯ ವಿದ್ಯಾಭ್ಯಾಸವನ್ನು ಕೊಡಿಸಿತು. ವಿಶೇಷವಾಗಿ ಹಲವು ಭಾಷೆಗಳ ಪರಿಚಯ ಅವನಿಗೆ ದೊರೆಯಿತು. 1880ರ ದಶಕದ ಮೊದಲ ಭಾಗದಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವನು ಲಂಡನ್ನಿಗೆ ಬಂದನು. ಅಂದು ಅವನಲ್ಲಿ ಬಂಡವಾಳವಿರಲಿಲ್ಲ, ಯಂತ್ರವಿದ್ಯೆಯೂ ಇರಲಿಲ್ಲ. ಇದ್ದದ್ದು ಭಾಷಾಜ್ಞಾನವೊಂದೇ.

ಆ ಭಾಷಾಜ್ಞಾನವೇ ಅವನಿಗೆ ಮೊದಲ ಅನ್ನವನ್ನು ಕೊಟ್ಟಿತು. ವ್ಯಾಪಾರಸ್ಥರ ಹೆಸರು ಮತ್ತು ವಿಳಾಸಗಳ ಕೋಶಗಳನ್ನು ಪ್ರಕಟಿಸುತ್ತಿದ್ದ ಕೆಲ್ಲಿ ಎಂಬ ಸಂಸ್ಥೆಯಲ್ಲಿ ಪರದೇಶಗಳ ಕೋಶಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಅವನು ಸೇರಿದನು. ಬಳಿಕ ಅಮೆರಿಕದ ವೈಟ್ ಹೊಲಿಗೆಯಂತ್ರ ಸಂಸ್ಥೆಯ ಲಂಡನ್ ಶಾಖೆಯಲ್ಲಿ ಪರದೇಶ ವ್ಯವಹಾರದ ಕೆಲಸ ಮಾಡಿದನು. ಯಾವ ದೇಶದಲ್ಲಿ ಯಾವ ಸರಕಿಗೆ ಬೇಡಿಕೆಯಿದೆ, ಯಾರೊಡನೆ ಯಾವ ಮಾತಿನಲ್ಲಿ ವ್ಯವಹರಿಸಬೇಕು ಎಂಬ ಲೋಕಜ್ಞಾನ ಇವೆರಡು ಉದ್ಯೋಗಗಳಲ್ಲಿ ಅವನಿಗೆ ಲಭಿಸಿತು. ಭಾಷೆಗಳನ್ನು ಕಲಿಯುವುದರಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರಿಗೆ ಬೆಟ್‌ಮನ್ನನ ಈ ಆರಂಭ ಜೀವನವನ್ನು ನಿದರ್ಶನವಾಗಿ ಹೇಳಬಹುದು.

1885ರಲ್ಲಿ ಅವನು ತನ್ನದೇ ಹೆಸರಿನಲ್ಲಿ ಆಮದು ರಫ್ತಿನ ಒಂದು ಅಂಗಡಿಯನ್ನು ತೆರೆದನು. ಜರ್ಮನಿಯ ಹೊಲಿಗೆಯಂತ್ರಗಳನ್ನು ತರಿಸಿ ಮಾರುವುದು, ಬರ್ಮಿಂಗ್‌ಹ್ಯಾಮಿನ ತಯಾರಕನೊಬ್ಬನಿಂದ ಸೈಕಲುಗಳನ್ನು ಮಾಡಿಸಿ ತನ್ನ ಹೆಸರು ಅಂಟಿಸಿ ಹೊರದೇಶಗಳಿಗೆ ಕಳುಹಿಸುವುದು ಅವನ ವ್ಯಾಪಾರವಾಗಿತ್ತು.

ಹೆಸರಿನ ವಿಚಾರ

ಬೆಟ್‌ಮನ್ ಎಂಬ ಹೆಸರಿನ ಸೈಕಲು ಹೆಚ್ಚು ದೂರ ಹೋಗಲಾರದೆಂದು ಅವನಿಗೆ ಬೇಗನೆ ಅರಿವಾಯಿತು. ಅದು ಇಂಗ್ಲಿಷರ ಕಿವಿಗೆ ಪರಕೀಯ, ಉಳಿದವರ ಕಿವಿಗೆ ಅರ್ಥಹೀನ. 1886ರಲ್ಲಿ ಅವನು 'ಟ್ರಯಂಫ್' ಎಂಬ ಹೆಸರನ್ನು ಆರಿಸಿಕೊಂಡನು. ವಿಜಯ, ಜಯೋತ್ಸವ ಎಂದು ಇದರ ಅರ್ಥ. ಯುರೋಪಿನ ಹಲವು ಭಾಷೆಗಳವರಿಗೆ ತಿಳಿಯುವಂತಹ ಶಬ್ದ ಬೇಕೆಂಬುದೇ ಈ ಆಯ್ಕೆಯ ಮರ್ಮ.

ಶಬ್ದಶಾಸ್ತ್ರದ ದೃಷ್ಟಿಯಿಂದ ಇದು ಸ್ವಾರಸ್ಯಕರವಾದುದು. ಲ್ಯಾಟಿನ್ನಿನ 'ಟ್ರಿಯುಂಫುಸ್' ಎಂಬ ಶಬ್ದವು ಗೆದ್ದು ಬಂದ ದಂಡನಾಯಕನನ್ನು ರೋಮ್ ನಗರದಲ್ಲಿ ರಥದ ಮೇಲೆ ಮೆರೆಸುತ್ತಿದ್ದ ಉತ್ಸವವನ್ನು ಸೂಚಿಸುತ್ತಿತ್ತು. ಅದಕ್ಕೂ ಹಿಂದೆ ಗ್ರೀಕರಲ್ಲಿ ಡಯೊನೈಸಸ್ ದೇವತೆಯ ಸ್ತುತಿಗೆ 'ಥ್ರಿಯಾಂಬೊಸ್' ಎಂಬ ಹೆಸರಿತ್ತು. ಲ್ಯಾಟಿನ್ನಿನಿಂದ ಹರಿದ ಈ ಶಬ್ದ ಫ್ರೆಂಚ್, ಜರ್ಮನ್, ಇಂಗ್ಲಿಷ್ ಭಾಷೆಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸದೊಡನೆ ನೆಲೆನಿಂತಿತು. 'ವಿಜಯ' ಎಂದರೆ ಕನ್ನಡಿಗನಿಗೂ ಬಂಗಾಳಿಗೂ ಮರಾಠಿಗನಿಗೂ ಹೇಗೆ ಏಕಕಾಲದಲ್ಲಿ ತಿಳಿಯುವುದೋ ಹಾಗೆ. ತನ್ನ ಹೆಸರನ್ನು ಊರಿನ ಮೇಲೆ ಹೇರದೆ, ಎಲ್ಲರದೂ ಆದ ಶಬ್ದವೊಂದನ್ನು ಮುಂದಿಟ್ಟು ತಾನು ಅದರ ಹಿಂದೆ ನಿಂತದ್ದು ಅವನ ವಿವೇಕ. ಇಂದಿಗೂ ಟ್ರಯಂಫ್ ಎಂಬ ಹೆಸರನ್ನು ಬಲ್ಲವರಲ್ಲಿ ಬೆಟ್‌ಮನ್ನನನ್ನು ಬಲ್ಲವರು ವಿರಳ.

ಕವೆಂಟ್ರಿಯ ಕಾರ್ಯಕ್ಷೇತ್ರ

ವ್ಯಾಪಾರಿಯನ್ನು ತಯಾರಕನನ್ನಾಗಿ ಮಾಡಿದವನು ಮಾರಿಟ್ಸ್ ಶುಲ್ಟೆ. ಇವನೂ ಜರ್ಮನಿಯಿಂದ ಬಂದವನೇ, ಯಂತ್ರವಿದ್ಯೆಯನ್ನು ಬಲ್ಲವನು. ಪರರು ಮಾಡಿದುದನ್ನು ಮಾರುವುದಕ್ಕಿಂತ ತಾವೇ ಮಾಡುವುದು ಲೇಸು ಎಂಬ ಶುಲ್ಟೆಯ ಮಾತಿಗೆ ಬೆಟ್‌ಮನ್ನನು ಒಪ್ಪಿದನು. ಇಬ್ಬರ ಮನೆತನಗಳೂ ಹಣದ ನೆರವು ನೀಡಿದವು. ಕವೆಂಟ್ರಿಯ ಮಚ್ ಪಾರ್ಕ್ ಬೀದಿಯಲ್ಲಿ ಒಂದು ಕಾರ್ಖಾನೆಯ ಸ್ಥಳ ದೊರೆಯಿತು. 1889ರಲ್ಲಿ ಅಲ್ಲಿ ಸೈಕಲು ತಯಾರಿಕೆ ಪ್ರಾರಂಭವಾಯಿತು.

ಕವೆಂಟ್ರಿಯೇ ಏಕೆ ಎಂಬುದಕ್ಕೆ ಆ ನಗರದ ಪೂರ್ವಚರಿತ್ರೆಯನ್ನು ನೋಡಬೇಕು. ಅದು ರೇಷ್ಮೆಯ ಪಟ್ಟಿಗಳನ್ನು ನೇಯುವ ನೇಕಾರರ ಊರು. ಗಡಿಯಾರ ಮಾಡುವ ಕುಶಲಿಗಳ ಊರು. 1860ರಲ್ಲಿ ಇಂಗ್ಲೆಂಡು ಮತ್ತು ಫ್ರಾನ್ಸುಗಳ ನಡುವೆ ಆದ ಒಪ್ಪಂದದಿಂದ ಫ್ರಾನ್ಸಿನ ರೇಷ್ಮೆಯ ಮೇಲಿನ ಸುಂಕ ಹೋಯಿತು. ಅಗ್ಗದ ಸರಕು ಬಂದು ಬಿತ್ತು. ಸಾವಿರಾರು ಮಗ್ಗಗಳು ನಿಂತವು. ನೇಕಾರರು ಗುಳೆ ಹೋದರು. ಕೆಲಸವಿಲ್ಲದೆ ಉಳಿದ ಕುಶಲ ಕೈಗಳಿಗೆ ಮೊದಲು ಹೊಲಿಗೆಯಂತ್ರದ ಕಾರ್ಖಾನೆ ಆಸರೆಯಾಯಿತು. ಅದೇ ಕಾರ್ಖಾನೆಗೆ 1868-69ರ ಸುಮಾರಿನಲ್ಲಿ ಪ್ಯಾರಿಸಿನಿಂದ ಸೈಕಲಿನ ಮಾದರಿ ಬಂದಿತು. ಜೇಮ್ಸ್ ಸ್ಟಾರ್ಲಿ ಎಂಬ ಕುಶಲಿ ಅದನ್ನು ಸುಧಾರಿಸಿದನು. ಅವನ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ, ಎರಡೂ ಚಕ್ರಗಳು ಹೆಚ್ಚುಕಡಿಮೆ ಒಂದೇ ಗಾತ್ರವಾಗಿ, ಹಿಂಚಕ್ರವು ಚೈನಿನಿಂದ ತಿರುಗುವ ಇಂದಿನ ರೀತಿಯ ಸೈಕಲನ್ನು ಜನಪ್ರಿಯಗೊಳಿಸಿದನು. ಹೀಗೆ ಮಗ್ಗ ನಿಂತ ಊರಿನಲ್ಲಿ ಚಕ್ರ ತಿರುಗಿತು. ಬೆಟ್‌ಮನ್ನನು ಬಂದು ಸೇರಿದ್ದು ಇಂತಹ ಊರಿಗೆ.

1895ರಲ್ಲಿ ಅವನು ಆ್ಯನಿ ಎಂಬ ಕನ್ಯೆಯನ್ನು ವಿವಾಹವಾದನು. ದಂಪತಿಗಳಿಗೆ ಸಂತಾನವಾಗಲಿಲ್ಲ. ಮರುವರ್ಷ ತನ್ನ ಹುಟ್ಟೂರಾದ ನ್ಯೂರೆಂಬರ್ಗಿನಲ್ಲಿಯೂ ಟ್ರಯಂಫ್ ಹೆಸರಿನ ಸೈಕಲು ಕಾರ್ಖಾನೆಯೊಂದನ್ನು ಸ್ಥಾಪಿಸಿದನು. ಬಿಟ್ಟು ಬಂದ ಊರಿಗೂ ಸೇರಿದ ಊರಿಗೂ ನಡುವೆ ಹೀಗೆ ಒಂದು ಸೇತುವೆ ಏರ್ಪಟ್ಟಿತು.

ಸೈಕಲಿನಿಂದ ಮೋಟಾರುಸೈಕಲಿಗೆ

ಟ್ರಯಂಫ್‌ನ ಮೊದಲ ಮೋಟಾರುಸೈಕಲು 1902ರಲ್ಲಿ ಹೊರಬಂದಿತು. ಗಟ್ಟಿಯಾದ ಸೈಕಲೊಂದಕ್ಕೆ ಬೆಲ್ಜಿಯಂ ದೇಶದ ಮಿನರ್ವ ಕಾರ್ಖಾನೆಯ ಪುಟ್ಟ ಎಂಜಿನ್ನನ್ನು ಕಟ್ಟಿದ್ದು ಅದು. ಈ ಮಿನರ್ವ ಸಂಸ್ಥೆಯನ್ನು ಆಂಟ್‌ವರ್ಪ್ ನಗರದಲ್ಲಿ ಸ್ಥಾಪಿಸಿದ ಸಿಲ್ವಾನ್ ಡಿ ಯಾಂಗನೂ ಹಾಲೆಂಡಿನಿಂದ ಅಲ್ಲಿಗೆ ವಲಸೆ ಹೋದವನೇ. ಒಬ್ಬ ಪರದೇಶಿಯ ಸೈಕಲಿಗೆ ಮತ್ತೊಬ್ಬ ಪರದೇಶಿಯ ಎಂಜಿನ್ನು! ಆ ಉದ್ಯಮದ ಬಾಲ್ಯವೇ ಹೀಗಿತ್ತು. ಅಮೆರಿಕದಲ್ಲಿ 1901ರಲ್ಲಿ 'ಇಂಡಿಯನ್' ಎಂಬ ಮೋಟಾರುಸೈಕಲನ್ನು ರೂಪಿಸಿದ ಆಸ್ಕರ್ ಹೆಡ್‌ಸ್ಟ್ರಾಮ್ ಸ್ವೀಡನ್ನಿನಲ್ಲಿ ಹುಟ್ಟಿದವನು. ಜರ್ಮನಿಯಲ್ಲಿ ಡಿಕೆಡಬ್ಲ್ಯು ಸಂಸ್ಥೆಯನ್ನು ಕಟ್ಟಿದ ರಾಸ್ಮುಸೆನ್ ಡೆನ್ಮಾರ್ಕಿನವನು. ಶಿಕಾಗೋದಲ್ಲಿ ಸೈಕಲಿನಿಂದ ಮೋಟಾರುಸೈಕಲಿಗೆ ಬೆಳೆದ ಇಗ್ನಾಟ್ಸ್ ಶ್ವಿನ್ ಜರ್ಮನಿಯಿಂದ ಹೋದವನು. ಹಳೆಯ ಉದ್ಯಮಗಳಲ್ಲಿ ಊರಿನವರು ಪೀಳಿಗೆಗಳಿಂದ ಬೇರುಬಿಟ್ಟಿರುತ್ತಾರೆ. ಹೊಸಬನಿಗೆ ಅಲ್ಲಿ ಎಡೆಯಿಲ್ಲ. ಯಾರಿಗೂ ಇನ್ನೂ ಪೂರ್ತಿ ತಿಳಿಯದ ಹೊಸ ವಿದ್ಯೆಯಲ್ಲಿ ಮಾತ್ರ ಎಲ್ಲರೂ ಸಮಾನರು. ಅಲ್ಲಿ ಪರದೇಶಿಯೂ ಮುಂದಿನ ಸಾಲಿನಲ್ಲಿ ನಿಲ್ಲಬಲ್ಲನು.

ಆ ಕಾಲದ ಮೋಟಾರುಸೈಕಲು ಎಷ್ಟು ಹಠಮಾರಿಯಾಗಿತ್ತು ಎಂಬುದನ್ನು ಇಂದಿನ ಸವಾರನು ಊಹಿಸಲಾರನು. ಕ್ಲಚ್ಚಾಗಲಿ ಗೇರಾಗಲಿ ಇರಲಿಲ್ಲ. ಎಂಜಿನ್ನಿನಿಂದ ನೇರವಾಗಿ ಹಿಂಚಕ್ರಕ್ಕೆ ಒಂದು ತೊಗಲಿನ ಬೆಲ್ಟು. ಚಕ್ರ ನಿಂತರೆ ಎಂಜಿನ್ನೂ ನಿಂತಿತು. ಮತ್ತೆ ಹೊರಡಲು ಪೆಡಲು ತುಳಿಯಬೇಕು, ಇಲ್ಲವೆ ಪಕ್ಕದಲ್ಲಿ ತಳ್ಳುತ್ತ ಓಡಿ ಹತ್ತಬೇಕು. ಮಳೆ ಬಂದರೆ ಬೆಲ್ಟು ಜಾರುತ್ತಿತ್ತು. ಏರು ಬಂದರೆ ಸವಾರನೂ ಕಾಲಿನಿಂದ ನೆರವಾಗಬೇಕಿತ್ತು. ಕಿಡಿ ಹಾರಿಸಲು ಹೊತ್ತೊಯ್ಯುತ್ತಿದ್ದ ಬ್ಯಾಟರಿಯ ಶಕ್ತಿ ದಾರಿಯ ನಡುವೆಯೇ ಉಡುಗಿಹೋಗುತ್ತಿತ್ತು.

ಕೊಂಡು ತಂದ ಎಂಜಿನ್ನುಗಳ ಮೇಲೆ ಹೆಸರು ಕಟ್ಟಲಾಗದೆಂದು ಕಂಡು, ಟ್ರಯಂಫ್ ತನ್ನದೇ ಎಂಜಿನ್ನನ್ನು ರೂಪಿಸಲು ತೊಡಗಿತು. 1905ರಲ್ಲಿ ಪೂರ್ಣವಾಗಿ ಸ್ವಂತದ್ದಾದ, ಮೂರು ಅಶ್ವಶಕ್ತಿಯ, 363 ಘನ ಸೆಂಟಿಮೀಟರ್ ಗಾತ್ರದ ಎಂಜಿನ್ನುಳ್ಳ ಮೋಟಾರುಸೈಕಲು ಬಂದಿತು. ಅದರ ಮುಖ್ಯ ಅಚ್ಚು ಗುಂಡುಗಳುಳ್ಳ ಬೇರಿಂಗುಗಳ ಮೇಲೆ ತಿರುಗುತ್ತಿತ್ತು. ಇದರಿಂದ ಘರ್ಷಣೆ ಕುಗ್ಗಿತು, ಬಾಳಿಕೆ ಹೆಚ್ಚಿತು. ಬ್ಯಾಟರಿಯ ಬದಲು ಮ್ಯಾಗ್ನೆಟೋ ಬಂದಿತು. ಎಂಜಿನ್ನಿನ ಚಲನೆಯಿಂದಲೇ ತಿರುಗಿ, ಅಯಸ್ಕಾಂತದ ಬಲದಿಂದ ತಾನೇ ವಿದ್ಯುತ್ತನ್ನು ಹುಟ್ಟಿಸಿಕೊಂಡು ಕಿಡಿ ಕೊಡುವ ಸಾಧನವಿದು. ಓಡುವವರೆಗೂ ಕಿಡಿ, ಕಿಡಿಯಿರುವವರೆಗೂ ಓಟ. ಮೋಟಾರುಸೈಕಲು ಶ್ರೀಮಂತರ ಆಟಿಕೆಯ ದೆಸೆಯಿಂದ ಕೆಲಸದ ವಾಹನವಾಗಿ ಬೆಳೆದದ್ದು ಇಂತಹ ಸಣ್ಣ ಸುಧಾರಣೆಗಳಿಂದ.

1907ರ ಮೇ ತಿಂಗಳಿನಲ್ಲಿ ಮ್ಯಾನ್ ದ್ವೀಪದಲ್ಲಿ 'ಟೂರಿಸ್ಟ್ ಟ್ರೋಫಿ' ಎಂಬ ಪ್ರಸಿದ್ಧ ಪಂದ್ಯ ಮೋಟಾರುಸೈಕಲುಗಳಿಗಾಗಿ ಮೊದಲ ಬಾರಿ ನಡೆಯಿತು. ಸುಮಾರು 15 ಮೈಲಿಗಳ ಸುತ್ತನ್ನು ಹತ್ತು ಬಾರಿ ಸುತ್ತಬೇಕಾಗಿತ್ತು. ಒಂಟಿ ಸಿಲಿಂಡರಿನ ವಿಭಾಗದಲ್ಲಿ ಮ್ಯಾಚ್‌ಲೆಸ್ ವಾಹನದ ಚಾರ್ಲಿ ಕಾಲಿಯರ್ ಗೆದ್ದನು. ಟ್ರಯಂಫ್‌ನ ಜ್ಯಾಕ್ ಮಾರ್ಷಲ್ ಎರಡನೆಯವನು, ಫ್ರ್ಯಾಂಕ್ ಹಲ್ಬರ್ಟ್ ಮೂರನೆಯವನು. ಕಾಲಿಯರನ ವಾಹನಕ್ಕೆ ಪೆಡಲುಗಳಿದ್ದವು, ಟ್ರಯಂಫ್‌ಗೆ ಇರಲಿಲ್ಲ. ಮರುವರ್ಷ ಪಂದ್ಯದಲ್ಲಿ ಪೆಡಲುಗಳನ್ನು ನಿಷೇಧಿಸಲಾಯಿತು. ಆ ಸಲ ಮಾರ್ಷಲನೇ ಗೆದ್ದನು. 1907ರಲ್ಲಿ ಸುಮಾರು ಸಾವಿರ ಮೋಟಾರುಸೈಕಲುಗಳನ್ನು ಮಾಡಿದ ಕಾರ್ಖಾನೆ 1909ರ ವೇಳೆಗೆ ಮೂರು ಸಾವಿರವನ್ನು ಮುಟ್ಟಿತು. ಹೆಸರು ಅನ್ವರ್ಥವಾಯಿತು.

ಮೇಯರ್ ಪದವಿ ಮತ್ತು ಮಹಾಯುದ್ಧ

ಸಂಪತ್ತಿನೊಡನೆ ಬೆಟ್‌ಮನ್ನನು ಸಾರ್ವಜನಿಕ ಹೊಣೆಯನ್ನೂ ಹೊತ್ತನು. ಆ ವೇಳೆಗೆ ಅವನು ಬ್ರಿಟಿಷ್ ಪೌರತ್ವವನ್ನು ಪಡೆದಿದ್ದನು. ನಗರಸಭೆಯ ಸದಸ್ಯ, ಲಿಬರಲ್ ಪಕ್ಷದ ಸ್ಥಳೀಯ ನಾಯಕ, ವಾಣಿಜ್ಯ ಸಂಘದ ಸ್ಥಾಪಕರಲ್ಲೊಬ್ಬ, ಸ್ಟ್ಯಾಂಡರ್ಡ್ ಎಂಬ ಕಾರು ಕಾರ್ಖಾನೆಯ ಅಧ್ಯಕ್ಷ. ಹೀಗೆ ಮಾನ್ಯತೆ ಬೆಳೆದು, 1913ರ ನವೆಂಬರಿನಲ್ಲಿ ಅವನು ಕವೆಂಟ್ರಿಯ ಮೇಯರ್ ಆದನು. ಶತಮಾನಗಳ ಪರಂಪರೆಯುಳ್ಳ ಆ ಪೀಠದಲ್ಲಿ ಪರದೇಶದಲ್ಲಿ ಹುಟ್ಟಿದವನೊಬ್ಬನು ಕುಳಿತದ್ದು ಅದೇ ಮೊದಲು. ಹುಟ್ಟಿನಿಂದಲ್ಲ, ಕೆಲಸದಿಂದಲೇ ಮನುಷ್ಯನನ್ನು ಅಳೆಯಬಲ್ಲೆವೆಂದು ಕವೆಂಟ್ರಿಯ ಜನ ಅಂದು ತೋರಿಸಿಕೊಟ್ಟರು.

ಆದರೆ ಒಂಬತ್ತು ತಿಂಗಳು ತುಂಬುವಷ್ಟರಲ್ಲಿ, 1914ರ ಆಗಸ್ಟಿನಲ್ಲಿ, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ದೇಶದ ತುಂಬ ಜರ್ಮನ್ ಹೆಸರುಗಳ ಮೇಲೆ ಸಂಶಯದ ಕಣ್ಣು ಬಿದ್ದಿತು. ಜರ್ಮನ್ ರಾಜಮನೆತನದಲ್ಲಿ ಹುಟ್ಟಿ ಬಾಲ್ಯದಿಂದ ಬ್ರಿಟಿಷ್ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ ಬ್ಯಾಟನ್‌ಬರ್ಗ್‌ನ ರಾಜಕುಮಾರ ಲೂಯಿಯೇ ಅದೇ ಅಕ್ಟೋಬರಿನಲ್ಲಿ ನೌಕಾಪಡೆಯ ಮುಖ್ಯಸ್ಥಾನಕ್ಕೆ ರಾಜೀನಾಮೆ ಕೊಡಬೇಕಾಯಿತು. 1917ರಲ್ಲಿ ರಾಜಮನೆತನವೇ ತನ್ನ ಜರ್ಮನ್ ವಂಶನಾಮವನ್ನು ತೊರೆದು 'ವಿಂಡ್ಸರ್' ಎಂದು ಹೆಸರಿಟ್ಟುಕೊಂಡಿತು. ದೊರೆಗಳ ಪಾಡೇ ಹೀಗಾದಾಗ ಮೋಟಾರುಸೈಕಲು ತಯಾರಕನ ಪಾಡೇನು? ಅವಧಿ ಮುಗಿದ ಮೇಲೆ ಮೇಯರ್ ಪೀಠ ಬೆಟ್‌ಮನ್ನನಿಗೆ ಮತ್ತೆ ದೊರೆಯಲಿಲ್ಲ. ಸ್ಟ್ಯಾಂಡರ್ಡ್ ಸಂಸ್ಥೆಯ ಅಧ್ಯಕ್ಷತೆಯೂ ಕೈತಪ್ಪಿತು. ಮೂವತ್ತು ವರ್ಷ ದುಡಿದು ಗಳಿಸಿದ ನಂಬಿಕೆ ಮೂರು ತಿಂಗಳಲ್ಲಿ ಕರಗಿತು. 'ಪರದೇಶಿ' ಎಂಬ ಶಬ್ದದ ಎರಡನೆಯ ಅರ್ಥ ಅವನ ಪಾಲಿಗೆ ಆಗ ತೆರೆದುಕೊಂಡಿತು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಅದೇ ಯುದ್ಧಕ್ಕೆ ಬ್ರಿಟಿಷ್ ಸೈನ್ಯವು ಮೋಟಾರುಸೈಕಲುಗಳನ್ನು ಕೇಳಿ ಬಂದದ್ದು ಅದೇ ಬೆಟ್‌ಮನ್ನನ ಕಾರ್ಖಾನೆಗೆ. 1915ರಲ್ಲಿ ಸಿದ್ಧವಾದ 'ಮಾಡೆಲ್ ಎಚ್' ಎಂಬ ವಾಹನದ ಎಂಜಿನ್ನು 550 ಘನ ಸೆಂಟಿಮೀಟರಿನದು. ಮೂರು ವೇಗಗಳ ಗೇರುಪೆಟ್ಟಿಗೆ, ಎಂಜಿನ್ನಿನಿಂದ ಗೇರುಪೆಟ್ಟಿಗೆಗೆ ಚೈನು, ಅಲ್ಲಿಂದ ಹಿಂಚಕ್ರಕ್ಕೆ ಬೆಲ್ಟು, ಪೆಡಲುಗಳ ಹಂಗಿಲ್ಲ. ಟೆಲಿಫೋನು ತಂತಿಗಳು ಗುಂಡಿನೇಟಿಗೆ ಕಡಿದುಹೋದ ರಣರಂಗದಲ್ಲಿ ಒಂದು ದಳದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ಸವಾರರಿಗೆ ಅದೇ ಪ್ರಾಣ. ಸುಮಾರು 30,000 ವಾಹನಗಳು ಮಿತ್ರಪಕ್ಷದ ಸೈನ್ಯಗಳಿಗೆ ಹೋದವು. ಕೆಸರಿನಲ್ಲಿ ಹೂತರೂ ಕೈಬಿಡದ ಆ ವಾಹನಕ್ಕೆ ಸವಾರರು ಪ್ರೀತಿಯಿಂದ ಇಟ್ಟ ಅಡ್ಡಹೆಸರು 'ಟ್ರಸ್ಟಿ', ಎಂದರೆ ನಂಬಿಗಸ್ತ. ಮಾಡಿದ ವಸ್ತುವಿಗೆ ನಂಬಿಗಸ್ತನೆಂಬ ಬಿರುದು, ಮಾಡಿಸಿದವನಿಗೆ ಅಪನಂಬಿಕೆ! ಕಾಯಕವನ್ನು ಒಪ್ಪಿಕೊಂಡು ಕಾಯಕಜೀವಿಯನ್ನು ದೂರವಿಡುವುದು ಲೋಕದ ಹಳೆಯ ರೀತಿಯೇ ಆಗಿದೆ. ಆ ರೀತಿಯನ್ನು ಮುರಿಯುವುದಕ್ಕೇ ಶರಣರು ಹೋರಾಡಿದ್ದು.

ದಾನದ ಸ್ವರೂಪ

ಬೆಟ್‌ಮನ್ನನು ಊರು ಬಿಡಲಿಲ್ಲ. ಯುದ್ಧ ಮುಗಿದ ಮೇಲೆ 1920ರಲ್ಲಿ ಅವನು ತನ್ನ ಪತ್ನಿಯ ಹೆಸರಿನಲ್ಲಿ 'ಆ್ಯನಿ ಬೆಟ್‌ಮನ್ ಪ್ರತಿಷ್ಠಾನ' ಎಂಬ ದತ್ತಿಯನ್ನು ಸ್ಥಾಪಿಸಿದನು. ಸ್ವಂತ ಉದ್ಯೋಗವನ್ನು ಕೈಗೊಳ್ಳಬಯಸುವ ಕವೆಂಟ್ರಿಯ ಜನಕ್ಕೆ ಧನಸಹಾಯ ಮಾಡುವುದು ಅದರ ಉದ್ದೇಶ. ಇದರಲ್ಲಿ ಎರಡು ಅಂಶಗಳು ಮನನೀಯ. ತನ್ನನ್ನು ಪೀಠದಿಂದ ದೂರವಿಟ್ಟ ಊರಿನವರ ಮಕ್ಕಳಿಗೇ ಅವನು ಈ ದತ್ತಿಯನ್ನು ಮೀಸಲಿಟ್ಟನು ಎಂಬುದು ಮೊದಲನೆಯದು. ಎರಡನೆಯದು ಅದರ ವಿಧಾನ. ಮನೆಯವರು ಕೊಟ್ಟ ಚಿಕ್ಕ ಮೊತ್ತದಿಂದ ತಾನು ಕಾರ್ಖಾನೆ ಕಟ್ಟಿದವನು. ಅಂತಹ ಮನೆತನದ ಆಸರೆಯಿಲ್ಲದ ತರುಣನಿಗೆ ಊರೇ ಮನೆಯಾಗಬೇಕು ಎಂಬಂತಿದೆ ಈ ಏರ್ಪಾಡು. ಹಸಿದವನಿಗೆ ಅನ್ನವಿಡುವುದು ಪುಣ್ಯಕಾರ್ಯವೇ ಸರಿ. ಅನ್ನ ಗಳಿಸುವ ಬಲವನ್ನು ಕೊಟ್ಟರೆ ಉಂಡವನು ಮುಂದೆ ತಾನೇ ದಾಸೋಹಿಯಾಗುತ್ತಾನೆ. ನಮ್ಮ ಮಠಗಳು ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನು ಜೋಡಿಸಿದ್ದರ ತಾತ್ಪರ್ಯವೂ ಇದೇ.

ಉತ್ತರ ಜೀವನ

ಮುಂದಿನ ಕಥೆ ಏರಿಳಿತಗಳದು. ಹಳೆಯ ಜೊತೆಗಾರ ಶುಲ್ಟೆ 1919ರಲ್ಲಿ ಸಂಸ್ಥೆಯನ್ನು ತೊರೆದನು. 1923ರಲ್ಲಿ ಟ್ರಯಂಫ್ ಕಾರನ್ನೂ ಮಾಡಲಾರಂಭಿಸಿತು. 1920ರ ದಶಕದ ಮಧ್ಯಭಾಗದಲ್ಲಿ ಅದು ಬ್ರಿಟನ್ನಿನ ಅಗ್ರಗಣ್ಯ ಮೋಟಾರುಸೈಕಲು ತಯಾರಕರಲ್ಲಿ ಒಂದಾಗಿತ್ತು. 1929ರ ಬಳಿಕ ಜಗತ್ತನ್ನು ಕವಿದ ಆರ್ಥಿಕ ಮುಗ್ಗಟ್ಟಿನಲ್ಲಿ ನ್ಯೂರೆಂಬರ್ಗಿನ ಕಾರ್ಖಾನೆ ಬೇರೆಯಾಯಿತು, ಸೈಕಲು ವಿಭಾಗವೂ ಮಾರಾಟವಾಯಿತು, ಆಡಳಿತ ಬೆಟ್‌ಮನ್ನನ ಕೈಯಿಂದ ಜಾರಿತು. 1936ರಲ್ಲಿ ಮೋಟಾರುಸೈಕಲು ವಿಭಾಗವನ್ನು ಜ್ಯಾಕ್ ಸ್ಯಾಂಗ್‌ಸ್ಟರ್ ಎಂಬ ಉದ್ಯಮಿ ಕೊಂಡಾಗ, ಎಪ್ಪತ್ತು ದಾಟಿದ ಬೆಟ್‌ಮನ್ನನನ್ನು ಕೆಲಕಾಲ ಅಧ್ಯಕ್ಷನನ್ನಾಗಿ ಕರೆತಂದನು. ಎಡ್ವರ್ಡ್ ಟರ್ನರ್ ಎಂಬ ಶಿಲ್ಪಿ ರೂಪಿಸಿದ ಎರಡು ಸಿಲಿಂಡರುಗಳ 'ಸ್ಪೀಡ್ ಟ್ವಿನ್' ಮರುವರ್ಷ ಹೊರಬಂದು ಹೆಸರನ್ನು ಮತ್ತೆ ಎತ್ತಿ ಹಿಡಿಯಿತು.

ಇಷ್ಟರಲ್ಲಿ ಅವನ ಹುಟ್ಟೂರಿನಲ್ಲಿ ಘೋರವಾದುದೊಂದು ನಡೆದಿತ್ತು. 1935ರ ಸೆಪ್ಟೆಂಬರಿನಲ್ಲಿ ನಾತ್ಸಿಗಳು ನ್ಯೂರೆಂಬರ್ಗಿನ ತಮ್ಮ ಸಮಾವೇಶದಲ್ಲಿ ಸಾರಿದ ಶಾಸನಗಳು ಯೆಹೂದಿಗಳ ಪೌರತ್ವವನ್ನೇ ಕಸಿದುಕೊಂಡವು. ಆ ಶಾಸನಗಳಿಗೆ ಆ ಊರಿನ ಹೆಸರೇ ಅಂಟಿಕೊಂಡಿದೆ. ಬೆಟ್‌ಮನ್ನನನ್ನು ಕವೆಂಟ್ರಿ 1914ರಲ್ಲಿ ಜರ್ಮನ್ ಎಂದು ದೂರವಿಟ್ಟಿತು. ಅವನಂತಹವರನ್ನು ಜರ್ಮನಿ 1935ರಲ್ಲಿ ಜರ್ಮನರೇ ಅಲ್ಲವೆಂದಿತು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಕವೆಂಟ್ರಿಯನ್ನು ಸುಟ್ಟವು. ಐನೂರಕ್ಕೂ ಹೆಚ್ಚು ಜನ ಮಡಿದರು. ಪುರಾತನ ದೇವಾಲಯ ಪಾಳುಬಿದ್ದಿತು. ಪ್ರಯರಿ ಬೀದಿಯ ಟ್ರಯಂಫ್ ಕಾರ್ಖಾನೆಯೂ ನೆಲಸಮವಾಯಿತು. ಹುಟ್ಟಿದ ದೇಶದ ಬಾಂಬುಗಳು ಅವನು ಬದುಕು ಸವೆಸಿದ ಊರನ್ನು ಸುಟ್ಟವು. ಎಪ್ಪತ್ತೇಳರ ಮುಪ್ಪಿನಲ್ಲಿ ಇದನ್ನು ಕಾಣಬೇಕಾದುದು ಅವನ ಹಣೆಯಲ್ಲಿ ಬರೆದಿತ್ತು.

ಬೆಟ್‌ಮನ್ನನು 1951ರಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಕವೆಂಟ್ರಿಯಲ್ಲಿಯೇ ಕಾಲವಾದನು. ಅವನು ಬರೆದಿಟ್ಟ ಆತ್ಮಕಥೆ ಅಚ್ಚಾಗದೆ ಉಳಿಯಿತು. ತನ್ನ ಸಂಸ್ಥೆಗೆ 'ವಿಜಯ' ಎಂಬ ಅರ್ಥದ ಹೆಸರಿಟ್ಟವನು ತನ್ನ ಬಾಳಿನ ಕಥೆಗೆ ಇಟ್ಟ ಹೆಸರು 'ಸ್ಟ್ರಗ್ಲಿಂಗ್', ಎಂದರೆ ಹೆಣಗಾಟ. ಲೋಕದ ಮುಂದೆ ನಿಲ್ಲಿಸಿದ ಫಲಕದಲ್ಲಿ ವಿಜಯ, ಏಕಾಂತದ ಹಸ್ತಪ್ರತಿಯಲ್ಲಿ ಹೆಣಗಾಟ. ಈ ಎರಡು ಶಬ್ದಗಳನ್ನು ಒಟ್ಟಿಗೆ ಇಟ್ಟು ಓದಿದರೆ ಅವನ ಚರಿತ್ರೆ ಸಂಪೂರ್ಣವಾಗುತ್ತದೆ.

ಕಾರ್ಖಾನೆ 1942ರಲ್ಲಿ ಮೆರಿಡನ್ ಗ್ರಾಮದಲ್ಲಿ ಮತ್ತೆ ಕಟ್ಟಲ್ಪಟ್ಟಿತು. 1983ರಲ್ಲಿ ಅದು ಮುಚ್ಚಿದಾಗ ಜಾನ್ ಬ್ಲೂರ್ ಎಂಬ ಉದ್ಯಮಿ ಹೆಸರನ್ನು ಕೊಂಡು ಹಿಂಕ್ಲಿ ಪಟ್ಟಣದಲ್ಲಿ ಹೊಸ ಕಾರ್ಖಾನೆ ತೆರೆದನು. 2023ರಿಂದ ಟ್ರಯಂಫ್‌ನ ಕೆಲವು ಮೋಟಾರುಸೈಕಲುಗಳು ಪುಣೆಯ ಬಳಿಯ ಚಾಕಣದಲ್ಲಿ ಬಜಾಜ್ ಸಂಸ್ಥೆಯ ಮೂಲಕ ತಯಾರಾಗತೊಡಗಿದವು. ಟ್ರಯಂಫ್ ಕಾರಿನ ವಿಭಾಗವನ್ನು ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಕೊಂಡದ್ದು, ಬೆಟ್‌ಮನ್ನನು ಅಧ್ಯಕ್ಷತೆಯನ್ನು ಕಳೆದುಕೊಂಡಿದ್ದ ಅದೇ ಸ್ಟ್ಯಾಂಡರ್ಡ್ ಸಂಸ್ಥೆ. 1960ರ ದಶಕದಲ್ಲಿ ನಮ್ಮ ರಸ್ತೆಗಳಲ್ಲಿ ಓಡಾಡುತ್ತಿದ್ದ, ಮದರಾಸಿನಲ್ಲಿ ತಯಾರಾದ 'ಸ್ಟ್ಯಾಂಡರ್ಡ್ ಹೆರಾಲ್ಡ್' ಕಾರು ಮೂಲದಲ್ಲಿ ಟ್ರಯಂಫ್ ಹೆರಾಲ್ಡೇ ಆಗಿತ್ತು. ಹಿರಿಯ ವಾಚಕರಲ್ಲಿ ಕೆಲವರು ಅದರಲ್ಲಿ ಕುಳಿತು ಪ್ರಯಾಣ ಮಾಡಿದವರೂ ಇರಬಹುದು.

ಅಧ್ಯಾಪಕ ಬಂಧುಗಳ ಅವಗಾಹನೆಗೆ

ಈ ಚರಿತ್ರೆಯನ್ನು ತರಗತಿಯಲ್ಲಿ ಹಲವು ಬಗೆಯಲ್ಲಿ ಬಳಸಿಕೊಳ್ಳಬಹುದು. ಸುಂಕ ಹೋದರೆ ಮಗ್ಗ ನಿಲ್ಲುವುದೇಕೆ, ಮಗ್ಗ ನಿಂತ ಊರು ಮತ್ತೆ ಬದುಕುವುದು ಹೇಗೆ ಎಂಬುದಕ್ಕೆ ಕವೆಂಟ್ರಿ ಚರಿತ್ರೆಯ ಪಾಠ. ಮ್ಯಾಗ್ನೆಟೋ ಮತ್ತು ಬೇರಿಂಗುಗಳು ವಿಜ್ಞಾನದ ಪಾಠ. 'ಟ್ರಯಂಫ್' ಎಂಬ ಶಬ್ದದ ಯಾತ್ರೆ ಭಾಷೆಯ ಪಾಠ. ಇವೆಲ್ಲಕ್ಕೂ ಮೇಲಾದ ಪಾಠವೊಂದಿದೆ. ಬೇರೆ ಜಿಲ್ಲೆಗಳಿಂದ, ಬೇರೆ ಮಾತನಾಡುವ ಮನೆಗಳಿಂದ ಬಂದು ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಬಾಲಕನಿಗೆ, ಇದು ನಿನ್ನ ಊರು ಎಂದು ಮೊದಲು ಹೇಳಬೇಕಾದವರು ನಾವು. ಹಾಗೆ ಹೇಳುವುದು ಸುಭಿಕ್ಷ ಕಾಲದಲ್ಲಿ ಸುಲಭ. ಊರಿನಲ್ಲಿ ಕಲಹ ಹುಟ್ಟಿದ ದಿನವೂ ಅದೇ ಮಾತನ್ನು ಹೇಳಿದರೆ ಮಾತ್ರ ಅದು ಸತ್ಯವಾದ ಮಾತು.

ಇಲ್ಲಿಯ ಹಿರಿಯ ವಿದ್ಯಾರ್ಥಿಗಳಲ್ಲಿ ಅನೇಕರು ಮುಂಬಯಿ ಪುಣೆಗಳಲ್ಲಿ, ಕಡಲಾಚೆಯ ದೇಶಗಳಲ್ಲಿ ನೆಲಸಿದ್ದಾರೆ. ಅಲ್ಲಿ ಅವರೂ ಪರದೇಶಿಗಳೇ. ಅವರಿಗೆ ಬೆಟ್‌ಮನ್ನನ ಜೀವನ ಹೇಳುವುದಿಷ್ಟು: ಸೇರಿದ ನೆಲವನ್ನು ದುಡಿಮೆಯಿಂದ ತನ್ನದಾಗಿಸಿಕೊಳ್ಳಬೇಕು; ಆ ನೆಲದ ಮುಂದಿನ ಪೀಳಿಗೆಗೆ ಏನನ್ನಾದರೂ ಬಿಟ್ಟುಹೋಗಬೇಕು. ಗೌರವ ಬರಬಹುದು, ಹೋಗಲೂಬಹುದು; ಅದು ಜನರ ಕೈಯಲ್ಲಿದೆ. ಕಾಯಕ ಮತ್ತು ದಾಸೋಹಗಳು ಮಾತ್ರ ಎಂದಿಗೂ ನಮ್ಮ ಕೈಯಲ್ಲಿಯೇ ಇರುವಂತಹವು.